ಇಕ್ಕಳ ಮೀಟರು ಹೇಳಿದ್ದೆಲ್ಲಾ ನಿಜವೇ?



ಸಂಘದ ಪುಸ್ತಕ ಬರೆಯುವುದು, ಬ್ಯಾಂಕ್ ಲೆಕ್ಕ ತಾಳೆ ನೋಡುವುದು, ಬಡ್ಡಿ ಲೆಕ್ಕ ಇವುಗಳ ಬಗ್ಗೆ ನಾವು ಹಿಂದೆ ಕಲಿತಿದ್ದೇವೆ. ಈ ಸಲದ ಪಾಠ ಸ್ವಲ್ಪ ಬೇರೆ. ಕರೆಂಟ್ ಅಳೆಯುವ ಒಂದು ಸಣ್ಣ ಯಂತ್ರದ ಬಗ್ಗೆ. "ಅದೆಲ್ಲಾ ಗಂಡಸರ ಕೆಲ್ಸ, ನಮಗೆಂತಕ್ಕೆ ಸಿಸ್ಟರ್?" ಎಂದು ಕೇಳಬೇಡಿ. ಈ ಯಂತ್ರ ತೋರಿಸಿದ ಒಂದು ಅಂಕಿಯಿಂದ ಕರ್ಕಿ ಕಡೆಯ ನಮ್ಮ ಒಂದು ಸಂಘ ಒಡೆದು ಎರಡಾಗುವುದರಲ್ಲಿತ್ತು. ಸಂಘದ ಹೆಸರು ಬೇಡ, ಸದಸ್ಯೆಯರ ಹೆಸರೂ ಬೇಡ. ನಡೆದದ್ದನ್ನು ಮಾತ್ರ ಹೇಳುತ್ತೇವೆ.

ಆ ಸಂಘದವರು ಸಾಲ ತೆಗೆದು ಮೆಣಸು, ಕೊತ್ತಂಬರಿ, ಹಿಟ್ಟು ಮಾಡುವ 2 ಎಚ್‌ಪಿ ಯಂತ್ರ ಹಾಕಿದ್ದಾರೆ. ಒಂದು ಶೆಡ್ಡು, ಅದಕ್ಕೆ ಬೇರೆಯೇ ಮೀಟರು. ಶೆಡ್ಡಿನ ಗೋಡೆಗೆ ತಾಗಿಯೇ ಒಬ್ಬ ಸದಸ್ಯೆಯ ಮನೆ. ಮಳೆಗಾಲಕ್ಕೆ ಮುಂಚಿನ ಒಂದು ತಿಂಗಳು ಬಿಲ್ಲಿನಲ್ಲಿ ಹಿಂದಿನದಕ್ಕಿಂತ ಸುಮಾರು 120 ಯೂನಿಟ್ ಹೆಚ್ಚು ಬಂತು. ಸಭೆಯಲ್ಲಿ ಗುಸುಗುಸು ಶುರುವಾಯಿತು. ಪಕ್ಕದ ಮನೆಯವಳು ರಾತ್ರಿ ವಯರ್ ಎಳೆದುಕೊಳ್ಳುತ್ತಾಳೆ ಎಂದು ಒಬ್ಬರು, ನಮಗೆ ಮೊದಲೇ ಸಂಶಯ ಇತ್ತು ಎಂದು ಇನ್ನೊಬ್ಬರು. ಆಗ ಒಬ್ಬ ಸದಸ್ಯೆಯ ಮಗ ಆನ್‌ಲೈನಿನಲ್ಲಿ ತರಿಸಿದ ಕ್ಲಾಂಪ್ ಮೀಟರು ತಂದ. ರಾತ್ರಿ ಯಂತ್ರ ಬಂದ್, ಲೈಟು ಬಂದ್. ಮೀಟರಿನಿಂದ ಶೆಡ್ಡಿಗೆ ಬರುವ ವಯರಿಗೆ ಅದರ ಬಾಯಿ ಕಚ್ಚಿಸಿದ. 0.8 ಎಂದು ತೋರಿಸಿತು.

"ಕಾಣಿ, ಎಲ್ಲಾ ಬಂದ್ ಇದ್ರೂ 0.8 ಆಂಪ್ಸ್ ಹೋಗ್ತಾ ಉಂಟು" ಎಂದ ಹುಡುಗ. ಮೊಬೈಲಿನಲ್ಲಿ ಲೆಕ್ಕವನ್ನೂ ಮಾಡಿ ತೋರಿಸಿದ. 0.8ನ್ನು 230 ವೋಲ್ಟಿನಿಂದ ಗುಣಿಸಿದರೆ 184 ವಾಟ್. ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ ಹಿಡಿದರೆ 132 ಯೂನಿಟ್. ಹೆಚ್ಚಿಗೆ ಬಂದದ್ದಕ್ಕೂ ಇದಕ್ಕೂ ತಾಳೆ ಬಿತ್ತು. ಇನ್ನೇನು ಬೇಕು? ಆ ತಂಗಿಯನ್ನು ಸಂಘದಿಂದ ತೆಗೆಯುವ ಠರಾವು ಬರೆಯಲು ಪುಸ್ತಕ ತೆರೆದಾಗ ಅಧ್ಯಕ್ಷೆ ನಮಗೆ ಫೋನು ಮಾಡಿದರು.

ನಾವು ಇಲೆಕ್ಟ್ರಿಶನ್ ಅಲ್ಲ. ಆದರೆ ಮೀನು ಮಾರುವ ಅಕ್ಕಂದಿರ ಜೊತೆ ತಕ್ಕಡಿ, ಬೊಟ್ಟಿನ ಗಲಾಟೆ ಸಾಕಷ್ಟು ನೋಡಿದವರು. ತೂಕದಲ್ಲಿ ಜಗಳ ಬಂದರೆ ಮೊದಲು ಮೀನನ್ನಲ್ಲ, ತಕ್ಕಡಿಯನ್ನು ನೋಡಬೇಕು. ಹಾಗಾಗಿ ಕೇಳಿದ್ದು ಒಂದೇ ಪ್ರಶ್ನೆ: "ಈ ಯಂತ್ರ ಸರಿ ತೋರಿಸ್ತದೆ ಎಂದು ಯಾರು ನೋಡಿದ್ದಾರೆ?"

ಯಾರೂ ನೋಡಿರಲಿಲ್ಲ.

ಇದು ಕೆಲಸ ಮಾಡುವುದು ಹೇಗೆ

ನಮ್ಮ ಲೈನಿನ ಕೆಲಸದವರು ಇದನ್ನು ಟಾಂಗ್ ಟೆಸ್ಟರ್ ಎನ್ನುತ್ತಾರೆ. ಟಾಂಗ್ ಎಂದರೆ ಇಕ್ಕಳ. ಒಲೆಯಿಂದ ಪಾತ್ರೆ ಇಳಿಸುವ ಇಕ್ಕಳದ ಹಾಗೇ ಇದಕ್ಕೂ ಬಾಯಿ ಇದೆ. ವಯರನ್ನು ಕತ್ತರಿಸದೆ, ಸುಲಿಯದೆ, ಆ ಬಾಯಿಯೊಳಗೆ ಹಿಡಿದರೆ ಸಾಕು. ವಯರಿನಲ್ಲಿ ಕರೆಂಟ್ ಹರಿಯುವಾಗ ಅದರ ಸುತ್ತ ಅಯಸ್ಕಾಂತದ ಶಕ್ತಿ ಹುಟ್ಟುತ್ತದೆ. ನಮ್ಮ ಮನೆಗೆ ಬರುವುದು ಎ.ಸಿ. ಕರೆಂಟ್, ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುವಂಥದ್ದು. ಹಾಗೆ ಬದಲಾಗುತ್ತಾ ಇರುವ ಅಯಸ್ಕಾಂತ ಶಕ್ತಿ ಪಕ್ಕದ ಸುರುಳಿಯಲ್ಲಿ ಸಣ್ಣ ಕರೆಂಟ್ ಹುಟ್ಟಿಸುತ್ತದೆ ಎಂದು ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದರು. ಅವರು ಕಮ್ಮಾರನ ಮಗ, ಪುಸ್ತಕ ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಗೇರುಸೊಪ್ಪೆಯಲ್ಲಿ ಶರಾವತಿಯ ನೀರಿನಿಂದ 60 ಮೆಗಾವಾಟಿನ ನಾಲ್ಕು ಯಂತ್ರ ತಿರುಗಿ ಕರೆಂಟ್ ಆಗುವುದೂ ಅದೇ ನಿಯಮದಿಂದ. ಇಕ್ಕಳದ ಬಾಯಿಯೊಳಗೆ ಕಬ್ಬಿಣದ ಜಾತಿಯ ತಿರುಳಿದೆ, ಅದಕ್ಕೆ ತಂತಿಯ ಸುರುಳಿ ಸುತ್ತಿದೆ. ಸುರುಳಿಯಲ್ಲಿ ಹುಟ್ಟಿದ್ದನ್ನು ಅಳೆದು ಅಂಕಿಯಾಗಿ ತೋರಿಸುತ್ತದೆ.

ಇಷ್ಟು ತಿಳಿದರೆ ಕೆಲವು ವಿಷಯ ತಾನಾಗಿ ತಿಳಿಯುತ್ತದೆ. ಸೋಲಾರ್ ಬ್ಯಾಟರಿಯ ವಯರಿಗೆ ಈ ಎ.ಸಿ. ಇಕ್ಕಳ ಹಾಕಿದರೆ ಏನೂ ತೋರಿಸುವುದಿಲ್ಲ, ಯಾಕೆಂದರೆ ಅಲ್ಲಿ ಕರೆಂಟ್ ಒಂದೇ ದಿಕ್ಕಿಗೆ ಹೋಗುತ್ತದೆ. ಇಸ್ತ್ರಿ ಪೆಟ್ಟಿಗೆಯ ಇಡೀ ವಯರನ್ನು ಹಿಡಿದರೂ ಸೊನ್ನೆಯೇ. ಅದರೊಳಗೆ ಹೋಗುವ ತಂತಿ ಒಂದು, ಬರುವ ತಂತಿ ಇನ್ನೊಂದು. ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ. ಹಿಡಿಯಬೇಕಾದ್ದು ಒಂದೇ ತಂತಿಯನ್ನು. ಇನ್ನು ಬಾಯಿ ಸರಿಯಾಗಿ ಮುಚ್ಚದಿದ್ದರೆ, ನಡುವೆ ಕೂದಲೆಳೆಯಷ್ಟು ಸಂದಿ ಇದ್ದರೂ ಲೆಕ್ಕ ತಪ್ಪುತ್ತದೆ. ಪಕ್ಕದ ವಯರಿನ ಶಕ್ತಿಯೂ ಒಳಗೆ ನುಸುಳುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಬಾಗಿಲ ತಿರುಗಣಿಯೇ ಉಳಿಯುವುದಿಲ್ಲ, ಇದರ ಬಾಯಿ ಉಳಿಯುತ್ತದೆಯೇ?

ನಾವು ಮಾಡಿ ನೋಡಿದ್ದು

ಮರುದಿನ ಬೆಳಿಗ್ಗೆ ಪರಿಚಯದ ಒಬ್ಬ ಲೈಸೆನ್ಸ್ ಇರುವ ಇಲೆಕ್ಟ್ರಿಶನ್ನರನ್ನು ಕರೆಸಿದೆವು. ಅವರು ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಮಾಡಿಕೊಟ್ಟರು. ಅದರಲ್ಲಿ ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ತಂತಿಗಳು ಬೇರೆ ಬೇರೆ, ಮೂರಕ್ಕೂ ಪ್ಲಾಸ್ಟಿಕ್ ಹೊದಿಕೆ ಸರಿಯಾಗಿಯೇ ಇದೆ. ಫೇಸ್ ತಂತಿಯನ್ನು ಸ್ವಲ್ಪ ಉದ್ದ ಬಿಟ್ಟಿದ್ದಾರೆ, ಯಾಕೆಂದು ಮುಂದೆ ಹೇಳುತ್ತೇವೆ. ಸಹೋದರಿಯರೇ, ಇಂಥ ಬೋರ್ಡನ್ನು ತಿಳಿದವರ ಕೈಯಲ್ಲೇ ಮಾಡಿಸಿ. ಯಾವ ಕಾರಣಕ್ಕೂ ನೀವೇ ವಯರ್ ಸುಲಿಯಬೇಡಿ. ಪರೀಕ್ಷೆ ಮಾಡುವಾಗ ಕೈ ಒಣಗಿರಲಿ, ಕಾಲಲ್ಲಿ ಚಪ್ಪಲಿ ಇರಲಿ, ಮಕ್ಕಳು ದೂರ ಇರಲಿ.

ಮೊದಲು ಇಕ್ಕಳದ ಬಾಯಿ ತೆರೆದು ನೋಡಿದರೆ ಎರಡೂ ತುದಿಯಲ್ಲಿ ಕೆಂಪು ಕಿಲುಬು, ಅದರ ಮೇಲೆ ಮೆಣಸಿನ ಪುಡಿ! ಒಣಬಟ್ಟೆಯಿಂದ ಚೆನ್ನಾಗಿ ಒರೆಸಿದೆವು. ಸ್ಯಾಂಡ್‌ಪೇಪರ್ ಹಾಕಿ ಉಜ್ಜಲು ಹೊರಟವರನ್ನು ಇಲೆಕ್ಟ್ರಿಶನ್ ತಡೆದರು, ತುದಿ ಸವೆದರೆ ಬಾಯಿ ಮತ್ತೆಂದೂ ಸರಿ ಕೂರುವುದಿಲ್ಲವಂತೆ.

ಆಮೇಲೆ ಬರಿ ಬಾಯಿಯ ಪರೀಕ್ಷೆ. ಯಾವ ವಯರೂ ಇಲ್ಲದ ಅಂಗಳಕ್ಕೆ ಒಯ್ದು, ಬಾಯಿ ಮುಚ್ಚಿ ಹಿಡಿದರೆ 0.0 ಬರಬೇಕು. ಬಂದದ್ದು 0.2. ಬರಿ ತಕ್ಕಡಿಯೇ ಒಂದು ಕಡೆ ವಾಲಿದ ಹಾಗೆ ಆಯಿತಲ್ಲ! ಶೆಡ್ಡಿಗೆ ಬಂದು, ಎಲ್ಲಾ ಬಂದ್ ಮಾಡಿ, ರಾತ್ರಿ ಹಿಡಿದ ವಯರನ್ನೇ ಹಿಡಿದೆವು. ರಾತ್ರಿ 0.8 ತೋರಿಸಿದ್ದು ಈಗ 0.3. ಪಕ್ಕದಲ್ಲೇ ಎರಡು ಬೆರಳು ದೂರದಲ್ಲಿ ಬೇರೆ ಮನೆಗೆ ಹೋಗುವ ವಯರ್ ಇದೆ, ಅದರ ಸೋಂಕು ಕಿಲುಬು ಹಿಡಿದ ಬಾಯಿಗೆ ಹೆಚ್ಚಾಗಿ ತಾಗಿತ್ತು. ಹುಡುಗನ ಮುಖ ಆಗಲೇ ಸಣ್ಣಗಾಯಿತು.

ಇಲ್ಲಿಗೇ ಬಿಡಬಹುದಿತ್ತು, ಬಿಡಲಿಲ್ಲ. ಗೊತ್ತಿರುವ ಕರೆಂಟ್ ಹರಿಸಿ ನೋಡಬೇಕು. ಬೊಟ್ಟಿಟ್ಟು ತಕ್ಕಡಿ ನೋಡಿದ ಹಾಗೆ. ನಮ್ಮ ಮನೆಯಲ್ಲೇ ಸಿಗುವ ಬೊಟ್ಟು ಎಂದರೆ ನೀರು ಕಾಯಿಸುವ ಹೀಟರ್ ರಾಡು. ಇಸ್ತ್ರಿ ಪೆಟ್ಟಿಗೆಯೂ ಆಗುತ್ತದೆ, ಆದರೆ ಅದು ಕಾದ ಮೇಲೆ ತಾನೇ ಬಂದ್ ಆಗುತ್ತದೆ, ಅಂಕಿ ಓದುವಷ್ಟರಲ್ಲಿ ಸೊನ್ನೆಗೆ ಬಂದಿರುತ್ತದೆ. ಫ್ಯಾನು, ಮಿಕ್ಸಿ, ಎಲ್‌ಇಡಿ ಬಲ್ಬು ಇದಕ್ಕೆ ಬೇಡ. 1000 ವಾಟಿನ ರಾಡು 230 ವೋಲ್ಟಿಗೆ 4.35 ಆಂಪ್ಸ್ ಎಳೆಯಬೇಕು. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪ್ಸ್, ಅಷ್ಟೇ ಲೆಕ್ಕ. (ರಾಡನ್ನು ಬಕೆಟ್ಟಿನ ನೀರಿನಲ್ಲಿ ಇಟ್ಟ ಮೇಲೆಯೇ ಸ್ವಿಚ್ ಹಾಕಬೇಕು, ಸ್ವಿಚ್ ತೆಗೆದು ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು. ಗೊತ್ತಿದ್ದೇ, ಆದರೂ ಹೇಳುತ್ತೇವೆ. ಬೆರಳಿನಿಂದ ನೀರು ಬಿಸಿಯಾಯಿತೇ ಎಂದು ನೋಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ.)

ಆದರೆ ನಮ್ಮೂರಿನಲ್ಲಿ 230 ವೋಲ್ಟ್ ಯಾವಾಗಲೂ ಇರುತ್ತದೆಯೇ? ವೋಲ್ಟೇಜ್ 210 ಆದರೆ ಅದೇ ರಾಡು 3.97 ಆಂಪ್ಸ್ ಎಳೆಯುತ್ತದೆ. ಸಂಜೆ 190ಕ್ಕೆ ಇಳಿದರೆ 3.59. ಇನ್ನೊಂದು ವಿಷಯ, ರಾಡಿನ ಮೇಲೆ 1000 ವಾಟ್ ಎಂದು ಬರೆದದ್ದೂ ಅಚ್ಚುಕಟ್ಟಲ್ಲ. ಕಾಯಿಸುವ ಸಾಮಾನಿನಲ್ಲಿ ಬರೆದದ್ದಕ್ಕಿಂತ ನೂರಕ್ಕೆ 5 ಹೆಚ್ಚು ಅಥವಾ 10 ಕಡಿಮೆ ಇರಲು ನಿಯಮದಲ್ಲೇ ಅವಕಾಶ ಇದೆ. ಅಂದರೆ ನಮ್ಮ ಬೊಟ್ಟೂ ಅಷ್ಟು ನಂಬಿಕೆಯದಲ್ಲ!

ಹಾಗಾದರೆ ನಂಬುವುದು ಯಾವುದನ್ನು? ಗೋಡೆಯ ಮೇಲಿನ ಮೀಟರನ್ನೇ. ಇದು ಕೇಳಿ ಹೆಂಗಸರೆಲ್ಲಾ ನಕ್ಕರು. "ಸಿಸ್ಟರ್, ಅದು ಸರಿ ಇಲ್ಲ ಅಂತ್ಲೇ ಅಲ್ಲವಾ ಇಷ್ಟೆಲ್ಲಾ?" ಅಲ್ಲ. ಗಲಾಟೆ ಶುರುವಾದದ್ದು ಮೀಟರಿನಿಂದ ಅಲ್ಲ, ಸಂಶಯದಿಂದ. ಮನೆಗೆ, ಸಣ್ಣ ಯಂತ್ರಕ್ಕೆ ಹಾಕುವ ಇಲೆಕ್ಟ್ರಾನಿಕ್ ಮೀಟರಿನ ಮೇಲೆ "ಕ್ಲಾಸ್ 1" ಎಂದು ಬರೆದಿರುತ್ತದೆ. ಸಾಮಾನ್ಯ ಬಳಕೆಯಲ್ಲಿ ಅದರ ತಪ್ಪು ನೂರಕ್ಕೆ ಒಂದನ್ನು ಮೀರಬಾರದು ಎಂದು ಅರ್ಥ. ಹುಡುಗನ ಇಕ್ಕಳದ ಜೊತೆ ಬಂದ ಚೀಟಿಯಲ್ಲಿ ಏನಿದೆ? "2.5% + 10 ಡಿಜಿಟ್." ಇದನ್ನು ಯಾರೂ ಓದಿರಲಿಲ್ಲ. ಡಿಜಿಟ್ ಎಂದರೆ ಕೊನೆಯ ಅಂಕಿಯ ಒಂದು ಮೆಟ್ಟಿಲು. ಈ ಯಂತ್ರದಲ್ಲಿ 400 ಆಂಪ್ಸಿನ ಒಂದೇ ರೇಂಜು, ಒಂದು ಮೆಟ್ಟಿಲು ಎಂದರೆ 0.1 ಆಂಪ್ಸ್. ಹತ್ತು ಮೆಟ್ಟಿಲು ಎಂದರೆ ಪೂರಾ 1 ಆಂಪ್ಸ್. ಮಾರಿದವರೇ ಹೇಳುತ್ತಿದ್ದಾರೆ, ನಮ್ಮ ಯಂತ್ರ 1 ಆಂಪ್ಸ್ ಹೆಚ್ಚು ಕಡಿಮೆ ತೋರಿಸಬಹುದು, ಅದರ ಮೇಲೆ ನೂರಕ್ಕೆ ಎರಡೂವರೆ ಬೇರೆ ಎಂದು. ಹಾಗಿರುವಾಗ 0.8ಕ್ಕೆ ಏನು ಬೆಲೆ? ಅಕ್ಕಿ ಮೂಟೆ ತೂಗುವ ಕಾಟಾದ ಮೇಲೆ ಮೂಗುಬೊಟ್ಟು ಇಟ್ಟು ಚಿನ್ನ ಕಡಿಮೆ ಇದೆ ಎಂದು ಅಕ್ಕಸಾಲಿಗನ ಮೇಲೆ ಜಗಳ ಮಾಡಿದ ಹಾಗೆ.

ಮೀಟರಿನಲ್ಲಿ ಕೆಂಪು ದೀಪ ಮಿನುಗುವುದನ್ನು ನೀವೆಲ್ಲಾ ನೋಡಿದ್ದೀರಿ. ಅದರ ಪಕ್ಕ 3200 ಇಂಪ್/ಕೆಡಬ್ಲ್ಯೂಎಚ್ ಎಂದು ಬರೆದಿದ್ದರೆ 3200 ಸಲ ಮಿನುಗಿದಾಗ ಒಂದು ಯೂನಿಟ್. ಕೆಲವು ಮೀಟರಿನಲ್ಲಿ 1600 ಇರುತ್ತದೆ, ಬೇರೆ ಸಂಖ್ಯೆಯೂ ಇರುತ್ತದೆ, ನಿಮ್ಮದನ್ನು ನೋಡಿಕೊಳ್ಳಿ. ರಾಡು ಒಂದನ್ನೇ ಹಾಕಿ, ಬೇರೆಲ್ಲಾ ತೆಗೆದು, ಒಬ್ಬರು ಗಡಿಯಾರ ನೋಡುತ್ತಾ ಇನ್ನೊಬ್ಬರು ಎಣಿಸಿದರು. ಎರಡು ನಿಮಿಷಕ್ಕೆ 89. ಅಂದರೆ ಗಂಟೆಗೆ 2670. ಅದನ್ನು 3200ರಿಂದ ಭಾಗಿಸಿದರೆ 0.834 ಯೂನಿಟ್, ಎಂದರೆ ರಾಡು ಆ ಹೊತ್ತಿನಲ್ಲಿ 834 ವಾಟ್ ತಿನ್ನುತ್ತಿದೆ. ಇಲೆಕ್ಟ್ರಿಶನ್ ತಮ್ಮ ಒಳ್ಳೆಯ ಮೀಟರಿನಲ್ಲಿ ವೋಲ್ಟೇಜ್ ನೋಡಿದರು, 210. 834ನ್ನು 210ರಿಂದ ಭಾಗಿಸಿದರೆ 3.97 ಆಂಪ್ಸ್. ಇಕ್ಕಳ ತೋರಿಸಿದ್ದು 4.2. ಐದು ಸಲ ತೆಗೆದು ಹಾಕಿದೆವು, ತಿರುಗಿಸಿ ಹಿಡಿದೆವು, 4.2 ಬಿಟ್ಟು ಅಲುಗಲಿಲ್ಲ. ತಂತಿಯನ್ನು ಬಾಯಿಯ ನಡುವೆ ಹಿಡಿಯದೆ ಒಂದು ಮೂಲೆಗೆ ಒತ್ತಿದಾಗ ಮಾತ್ರ 4.3 ಆಯಿತು.

ಇನ್ನು ಉದ್ದ ಬಿಟ್ಟ ತಂತಿಯ ಕೆಲಸ. ಒಂದು ಸಾಸಿವೆ ಕಾಳನ್ನು ಯಾರೂ ತೂಗುವುದಿಲ್ಲ, ನೂರು ಕಾಳು ತೂಗಿ ಭಾಗಿಸುತ್ತೇವೆ. ಹಾಗೆಯೇ ಸ್ವಿಚ್ ತೆಗೆದು, ಹೊದಿಕೆ ಇರುವ ಫೇಸ್ ತಂತಿಯನ್ನು ಬಾಯಿಯೊಳಗಿಂದ ಹತ್ತು ಸುತ್ತು ಸುತ್ತಿದರೆ ಅದೇ ಕರೆಂಟ್ ಹತ್ತು ಸಲ ಬಾಯಿ ದಾಟುತ್ತದೆ. ಅಂಕಿ ಹತ್ತು ಪಟ್ಟು ಆಗಬೇಕು, 39.7. ಬಂದದ್ದು 40.3. ಹತ್ತರಿಂದ ಭಾಗಿಸಿದರೆ 4.03.

ಈಗ ಮೂರೂ ಅಂಕಿಯನ್ನು ಒಟ್ಟಿಗೆ ನೋಡಿ. ಏನೂ ಇಲ್ಲದಾಗ 0.2. ನಾಲ್ಕು ಆಂಪ್ಸಿನ ಹತ್ತಿರ ಸುಮಾರು 0.2 ಹೆಚ್ಚು. ನಲವತ್ತರ ಹತ್ತಿರ 0.6 ಹೆಚ್ಚು. ಅಂದರೆ ಈ ಯಂತ್ರಕ್ಕೆ ಹುಟ್ಟಿನಿಂದಲೇ 0.2ರ ಒಂದು ಸುಳ್ಳು ಅಂಟಿಕೊಂಡಿದೆ, ಅದರ ಮೇಲೆ ನೂರಕ್ಕೆ ಒಂದರಷ್ಟು ಹೆಚ್ಚಿಸಿ ಹೇಳುತ್ತದೆ. ದೊಡ್ಡ ಕರೆಂಟಿಗೆ 0.2 ಏನೂ ಅಲ್ಲ. ಸಣ್ಣ ಕರೆಂಟಿಗೆ ಅದೇ ಎಲ್ಲಾ. ಯಂತ್ರ ಕೆಟ್ಟದ್ದೇನೂ ಅಲ್ಲ, ಅದರ ಚೀಟಿಯಲ್ಲಿ ಬರೆದ ಮಾತಿಗಿಂತ ಒಳ್ಳೆಯದೇ ಇದೆ. ನಾವು ಕೇಳಬಾರದ ಪ್ರಶ್ನೆಯನ್ನು ಅದಕ್ಕೆ ಕೇಳಿದ್ದೆವು.

ಹೀಟರಿನ ಜೊತೆ ಇನ್ನೊಂದು ಕಾಯಿಸುವ ಸಾಮಾನು ಇದ್ದರೆ ಕೂಡಿಸುವ ಪರೀಕ್ಷೆಯನ್ನೂ ಮಾಡಬಹುದು. ರಾಡು ಒಂದೇ ಎಷ್ಟು, ಇಸ್ತ್ರಿ ಪೆಟ್ಟಿಗೆ ಒಂದೇ ಎಷ್ಟು, ಎರಡೂ ಕೂಡಿ ಎಷ್ಟು. ಮೊದಲ ಎರಡರ ಮೊತ್ತ ಮೂರನೆಯದಕ್ಕೆ ತಾಳೆಯಾಗಬೇಕು. ಇದಕ್ಕೆ ವೋಲ್ಟೇಜೂ ಗೊತ್ತಿರಬೇಕೆಂದಿಲ್ಲ, ಅಷ್ಟು ಹೊತ್ತು ಅದು ಏರಿಳಿಯದಿದ್ದರೆ ಸಾಕು. ಖಾತೆ ಪುಸ್ತಕ ಬರೆಯುವವರಿಗೆ ಇದೇ ಸುಲಭ ಎನಿಸೀತು.

ಆ ತಂಗಿಯ ವಿಷಯ

ಇಕ್ಕಳದ ಸುಳ್ಳು ಗೊತ್ತಾದ ಮಾತ್ರಕ್ಕೆ ಕಳವು ಆಗಿಲ್ಲ ಎಂದು ಸಿದ್ಧವಾಗುವುದಿಲ್ಲವಲ್ಲ. ಒಬ್ಬರು ಅದನ್ನೇ ಹೇಳಿದರು, ಸರಿಯಾಗಿಯೇ ಹೇಳಿದರು. ಹಾಗಾಗಿ ಆ ರಾತ್ರಿ ಎಲ್ಲಾ ಬಂದ್ ಮಾಡಿ ನಾಲ್ಕು ಜನ ಮೀಟರಿನ ಮುಂದೆ ಕುಳಿತರು. ನಿಜವಾಗಿ 184 ವಾಟ್ ಹೋಗುತ್ತಿದ್ದರೆ ಕೆಂಪು ದೀಪ ಸುಮಾರು 6 ಸೆಕೆಂಡಿಗೆ ಒಮ್ಮೆ ಮಿನುಗಬೇಕು. ಹತ್ತು ನಿಮಿಷ ಕಾದರು. ಒಂದು ಸಲವೂ ಮಿನುಗಲಿಲ್ಲ. ಹತ್ತು ನಿಮಿಷದಲ್ಲಿ ಒಂದೂ ಮಿನುಗಲಿಲ್ಲ ಎಂದರೆ 2 ವಾಟಿನಷ್ಟೂ ಹೋಗುತ್ತಿಲ್ಲ. "ನಾವು ಕೂತದ್ದು ಕಂಡು ಇವತ್ತು ತೆಗೆದಿರ್ಬೋದು" ಎಂದರು ಮತ್ತೊಬ್ಬರು. ಅದಕ್ಕೂ ಉಪಾಯ ಇದೆ. ಒಂದು ವಾರ ರಾತ್ರಿ ಶೆಡ್ಡಿಗೆ ಬೀಗ ಹಾಕುವಾಗ ಮತ್ತು ಬೆಳಿಗ್ಗೆ ತೆರೆಯುವಾಗ ಮೀಟರಿನ ಅಂಕಿ ಬರೆದಿಟ್ಟರು. ಏಳೂ ದಿನ ರಾತ್ರಿಯದೂ ಬೆಳಗಿನದೂ ಒಂದೇ. ಮೀಟರಿನ ಆಚೆ, ಕಂಬದ ಕಡೆಯಿಂದ ಯಾರಾದರೂ ವಯರ್ ಎಳೆದಿದ್ದರೂ ಅದು ಈ ಸಂಘದ ಬಿಲ್ಲಿಗೆ ಬರುವ ಹಾಗೇ ಇಲ್ಲ.

ಹಾಗಾದರೆ 120 ಯೂನಿಟ್ ಎಲ್ಲಿ ಹೋಯಿತು? ಯಂತ್ರ ಓಡುವಾಗ ದೀಪ ಎಣಿಸಿದೆವು, ನಿಮಿಷಕ್ಕೆ 90. ಅಂದರೆ ಗಂಟೆಗೆ 1.69 ಯೂನಿಟ್. ಕೆಲಸದ ರಿಜಿಸ್ಟರ್ ತೆಗೆದು ನೋಡಿದರೆ ಹಿಂದಿನ ತಿಂಗಳು 45 ಗಂಟೆ ಓಡಿದ ಯಂತ್ರ ಆ ತಿಂಗಳು 110 ಗಂಟೆ ಓಡಿದೆ. ಮಳೆಗೆ ಮುಂಚೆ ಊರೆಲ್ಲಾ ಮೆಣಸು, ಮಸಾಲೆ ಪುಡಿ ಮಾಡಿಸಿಡುವ ಕಾಲ! 65 ಗಂಟೆ ಹೆಚ್ಚು, 1.69ರಂತೆ 110 ಯೂನಿಟ್. ಉಳಿದ ಹತ್ತು ಯೂನಿಟ್ಟಿನ ಲೆಕ್ಕ ಸಿಗಲಿಲ್ಲ, ರಿಜಿಸ್ಟರ್ ಬರೆಯುವುದರಲ್ಲಿ ಅಷ್ಟು ಬಿಟ್ಟುಹೋಗಿರಬಹುದು. ದುಡಿಮೆಯೂ ಹೆಚ್ಚೇ ಆಗಿತ್ತು, ಆದರೆ ಅದನ್ನು ಯಾರೂ ಬಿಲ್ಲಿನ ಜೊತೆ ಇಟ್ಟು ನೋಡಿರಲಿಲ್ಲ.

ಅಧ್ಯಕ್ಷೆ ತಾವೇ ಆ ತಂಗಿಯ ಮನೆಗೆ ಹೋಗಿ ಬಂದರು. ಅವಳು ಮೂರು ವಾರ ಸಭೆಗೆ ಬರಲಿಲ್ಲ. ಉಳಿತಾಯದ ಹಣವನ್ನು ಮಾತ್ರ ಮಗಳ ಕೈಯಲ್ಲಿ ತಪ್ಪದೆ ಕಳಿಸಿದಳು. ನಾಲ್ಕನೇ ವಾರ ಬಂದು ಹಿಂದಿನ ಸಾಲಿನಲ್ಲಿ ಕುಳಿತಳು. ನಾವೂ ಆ ದಿನ ಅಲ್ಲಿದ್ದೆವು.

ಇನ್ನೆರಡು ಎಚ್ಚರಿಕೆ

ಯಂತ್ರ ಓಡುವಾಗ ಇಕ್ಕಳ 9.5 ಆಂಪ್ಸ್ ತೋರಿಸಿತು, ವೋಲ್ಟೇಜ್ ಆಗ 225. ಗುಣಿಸಿದರೆ 2137. ಆದರೆ ಮೀಟರಿನ ಲೆಕ್ಕ 1690 ವಾಟ್. ಯಾವುದು ತಪ್ಪು? ಎರಡೂ ತಪ್ಪಲ್ಲ. ಮೋಟಾರು ಎಳೆಯುವ ಕರೆಂಟೆಲ್ಲಾ ಕೆಲಸಕ್ಕೆ ಬರುವುದಿಲ್ಲ, ಸ್ವಲ್ಪ ಭಾಗ ಅದರ ಅಯಸ್ಕಾಂತ ತುಂಬಲು ಹೋಗಿ ಹಿಂದೆ ಬರುತ್ತದೆ. ಇದಕ್ಕೆ ಪವರ್ ಫ್ಯಾಕ್ಟರ್ ಎನ್ನುತ್ತಾರೆ, ಇಲ್ಲಿ ಅದು 0.79. ಆದ್ದರಿಂದ ಪಂಪ್‌ಸೆಟ್, ಗಿರಣಿ, ಫ್ರಿಜ್ಜಿಗೆ ಆಂಪ್ಸನ್ನು ವೋಲ್ಟಿನಿಂದ ಗುಣಿಸಿ ಯೂನಿಟ್ ಲೆಕ್ಕ ಹಾಕಿದರೆ ಹೆಚ್ಚಾಗಿಯೇ ಬರುತ್ತದೆ. ಎಲ್‌ಇಡಿ ಬಲ್ಬು, ಇನ್ವರ್ಟರ್, ಕಂಪ್ಯೂಟರ್ ಇವುಗಳ ಕರೆಂಟ್ ಸಮನಾದ ಅಲೆಯಲ್ಲಿ ಬರುವುದಿಲ್ಲ. ಅಂಥದ್ದಕ್ಕೆ ಕಡಿಮೆ ಬೆಲೆಯ ಇಕ್ಕಳ ತಪ್ಪು ಹೇಳುತ್ತದೆ. ಕೊಳ್ಳುವವರು ಮೇಲೆ "ಟ್ರೂ ಆರ್‌ಎಂಎಸ್" ಎಂದು ಬರೆದಿದೆಯೇ, 0.01 ಆಂಪ್ಸ್ ತೋರಿಸುವ ಸಣ್ಣ ರೇಂಜು ಇದೆಯೇ ನೋಡಿ. 2023ರ ಜುಲೈಯಲ್ಲಿ ಗೃಹಜ್ಯೋತಿ ಶುರುವಾದ ಮೇಲೆ ಮನೆಯಲ್ಲಿ 200 ಯೂನಿಟ್ ದಾಟೀತೇ ಎಂದು ಇಂಥ ಯಂತ್ರ ತರಿಸುವವರು ಇದ್ದಾರೆ. ಅದಕ್ಕೆ ಇದು ಬೇಕೇ ಇಲ್ಲ, ವಾರಕ್ಕೊಮ್ಮೆ ಮೀಟರಿನ ಅಂಕಿ ಬರೆದಿಟ್ಟರೆ ಸಾಕು.

ಇನ್ನು, ನಿಜವಾಗಿಯೂ ಗೋಡೆಯ ಮೀಟರಿನ ಮೇಲೆಯೇ ಸಂಶಯ ಬಂದರೆ? ಸೀಲ್ ಮುಟ್ಟಬೇಡಿ. 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನಲ್ಲಿ ಮೀಟರ್ ಕೆಡಿಸುವುದು ಕಳವಿಗೆ ಸಮ. ನಮ್ಮ ಜಿಲ್ಲೆಗೆ ಹೆಸ್ಕಾಂ, ಅವರ ಹತ್ತಿರದ ಕಚೇರಿಗೆ ಆರ್‌ಆರ್ ನಂಬರ್ ಬರೆದು ಮೀಟರ್ ಪರೀಕ್ಷೆ ಮಾಡಿಕೊಡಿ ಎಂದು ಅರ್ಜಿ ಕೊಡಿ, ಶುಲ್ಕ ಕಟ್ಟಿದ ರಶೀದಿ ಇಟ್ಟುಕೊಳ್ಳಿ, ಅರ್ಜಿಯ ನಕಲಿಗೆ ಸಹಿ ಹಾಕಿಸಿಕೊಳ್ಳಿ. ದೂರಿಗೆ 1912 ನಂಬರೂ ಇದೆ. ಅಲ್ಲಿಯೂ ಸಮಾಧಾನ ಆಗದಿದ್ದರೆ ಅದೇ ಕಾಯ್ದೆಯ 42ನೇ ಕಲಮಿನ ಪ್ರಕಾರ ಗ್ರಾಹಕರ ಕುಂದುಕೊರತೆ ವೇದಿಕೆ, ಅದರ ಮೇಲೆ ಒಂಬುಡ್ಸ್‌ಮನ್ ಇದ್ದಾರೆ. ನಾವು ಮನೆಯಲ್ಲಿ ಮಾಡಿದ ಪರೀಕ್ಷೆ ನಮ್ಮ ತಿಳುವಳಿಕೆಗೆ ಮಾತ್ರ, ಕಚೇರಿಯಲ್ಲಿ ಸಾಕ್ಷಿಯಾಗುವುದಿಲ್ಲ. ಸಾಕ್ಷಿಗೆ ಮಾನ್ಯತೆ ಇರುವ ಪ್ರಯೋಗಾಲಯದ ಸರ್ಟಿಫಿಕೇಟ್ ಬೇಕು. ಬೆಂಗಳೂರಿನಲ್ಲಿ 1960ರಲ್ಲಿ ಶುರುವಾದ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆಯಂಥ ಕಡೆ ಅಂಥ ಪರೀಕ್ಷೆ ಮಾಡುತ್ತಾರೆ. ಅಂಗಡಿಯ ಬೊಟ್ಟಿಗೆ ಇಲಾಖೆಯ ಮುದ್ರೆ ಇರುವ ಹಾಗೆ ಅದು.

ಆ ಪರೀಕ್ಷೆಯ ಬೋರ್ಡು ಈಗ ಕರ್ಕಿಯ ಸಂಘದ ಬಳಿಯೇ ಇದೆ, ಇಕ್ಕಳವನ್ನು ಹುಡುಗ ಸಂಘಕ್ಕೇ ಕೊಟ್ಟುಬಿಟ್ಟ. ಎರಡನ್ನೂ ಮುಚ್ಚಳದ ಡಬ್ಬಿಯಲ್ಲಿ ಇಟ್ಟಿದ್ದಾರೆ. ಡಬ್ಬಿಯ ಮೇಲೆ ಒಂದು ಚೀಟಿ: "0.2 ಕಳೆಯಬೇಕು. 1ಕ್ಕಿಂತ ಕಡಿಮೆ ತೋರಿಸಿದರೆ ನಂಬಬೇಡಿ." ಬೇಕಾದ ಸಂಘದವರು ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬಹುದು, ಇಲೆಕ್ಟ್ರಿಶನ್ ಜೊತೆಗಿದ್ದಾಗ ಮಾತ್ರ.

ಮುಂದಿನ ವಾರದ ಸಭೆಯಲ್ಲಿ ಮಾಡಲು: ನಿಮ್ಮ ಮನೆಯ ಮೀಟರಿನ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಬರೆದಿದೆ ನೋಡಿಕೊಂಡು ಬನ್ನಿ. ರಾತ್ರಿ ಎಲ್ಲಾ ಬಂದ್ ಮಾಡಿದ ಮೇಲೆ ಹತ್ತು ನಿಮಿಷದಲ್ಲಿ ಅದು ಎಷ್ಟು ಸಲ ಮಿನುಗುತ್ತದೆ ಎಂದೂ ಎಣಿಸಿ ಬರೆದು ತನ್ನಿ. ಫ್ರಿಜ್ಜು ಇರುವವರು ಅದನ್ನು ಬಂದ್ ಮಾಡಲು ಮರೆಯಬೇಡಿ.